ಔಷಧಿಗೆಂದು ಹೇಳಿ ತಂದ ಮಾಂಸ

ಮಾಂಸದಂಗಡಿಯ ಮುಂದೆ ನಿಂತು ಹೇಗೆ ಕೇಳಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಜೀವಕೋಶದ ಚಿತ್ರ ಬರೆದು ಭಾಗಗಳನ್ನು ಗುರುತಿಸು ಎಂದರೆ ಕಣ್ಣು ಮುಚ್ಚಿಕೊಂಡು ಗುರುತಿಸುತ್ತಿದ್ದೆ. ಆದರೆ ಹರಿಹರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಬೆಳಕು ಹರಿಯುವ ಹೊತ್ತಿಗೆ, ಅಗಲ ಬಾಯಿಯ ಫ್ಲಾಸ್ಕೊಂದನ್ನು ಸೆರಗಿನ ಮರೆಯಲ್ಲಿ ಹಿಡಿದು ನಿಂತಾಗ ಬಾಯಿ ಒಣಗಿತ್ತು. ನಮ್ಮದು ಮೊಟ್ಟೆಯ ಸಿಪ್ಪೆಯೂ ಹೊಸಿಲು ದಾಟದ ಮನೆ.

ಇದು ಎಂಬತ್ತರ ದಶಕದ ಮಾತು. ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ, ದಿನವೂ ಹರಿಹರದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅಲ್ಲಿಯವರೆಗೆ ನಮ್ಮ ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್ ಎಂದರೆ ಜಿರಳೆ, ಕಪ್ಪೆ, ಮತ್ತೆ ಜಿರಳೆ. ಆ ವರ್ಷ ನಮ್ಮ ಸರ್ ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋಗಿ ಒಂದು ತರಬೇತಿ ಮುಗಿಸಿಕೊಂಡು ಬಂದರು. ಬಂದವರೇ, ಡಿಎನ್‌ಎಯ ತಿರುಚಿದ ಏಣಿಯಂಥ ಚಿತ್ರ ಬರೆದುಕೊಂಡು ಕೂತದ್ದು ಸಾಕು, ಅದನ್ನು ಕಣ್ಣಾರೆ ನೋಡೋಣ ಎಂದರು. ಇಬ್ಬರನ್ನು ಆರಿಸಿಕೊಂಡರು: ನಾನು, ಮತ್ತು ಶಾಮನೂರಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಒಬ್ಬ ಸಹಪಾಠಿ. ಟರ್ಮಿನ ಕೊನೆಗೆ ವಿಶ್ವವಿದ್ಯಾಲಯದಿಂದ ಪರಿಶೀಲನೆಗೆ ಬರುವವರಿದ್ದರು. ಅವರ ಕಣ್ಣೆದುರಿಗೇ ಡಿಎನ್‌ಎ ತೆಗೆದು ತೋರಿಸಿದರೆ ಮುಂದಿನ ವರ್ಷದಿಂದ ಎಲ್ಲ ವಿದ್ಯಾರ್ಥಿಗಳಿಗೂ ಇದನ್ನು ಕಲಿಸಲು ಅನುಮತಿ ಸಿಗುತ್ತದೆ ಎಂಬುದು ಸರ್ ಆಸೆ.

ಬೇಕಾದದ್ದು ಮೇಕೆಮರಿಯ ಥೈಮಸ್. ಕತ್ತಿನ ಉದ್ದಕ್ಕೂ, ಶ್ವಾಸನಾಳದ ಎರಡೂ ಬದಿಗೆ ಅಂಟಿಕೊಂಡಿರುವ ಬೆಳ್ಳಗಿನ ಮೆತ್ತನೆಯ ಗ್ರಂಥಿ ಅದು. ಅದರ ಜೀವಕೋಶಗಳಲ್ಲಿ ನ್ಯೂಕ್ಲಿಯಸ್ಸೇ ಹೆಚ್ಚು, ಉಳಿದದ್ದು ಕಡಿಮೆ. ಹಾಗಾಗಿ ಡಿಎನ್‌ಎ ಧಾರಾಳ. ಬಲಿತ ಮೇಕೆಯಲ್ಲಿ ಅದು ಕರಗಿಹೋಗಿರುತ್ತದೆ, ಆದ್ದರಿಂದ ಮರಿಯದೇ ಆಗಬೇಕು. "ಯಾರು ತರ್ತೀರಿ?" ಎಂದು ಕೇಳುವಾಗ ಸರ್ ಶಾಮನೂರಿನವನ ಮುಖವನ್ನಷ್ಟೇ ನೋಡಿದರು. ಹೆಣ್ಣುಮಗಳಿಂದ ಇದು ಆಗದು ಎಂದು ಮೊದಲೇ ತೀರ್ಮಾನವಾದ ಕಡೆ ನನಗೆ ಮೈ ಉರಿಯುತ್ತದೆ. "ನಾನ್ ತರ್ತೀನಿ ಸರ್" ಎಂದುಬಿಟ್ಟೆ. ಹಾಗೆ ಅಂದದ್ದಕ್ಕೆ ಈಗ ಓಣಿಯಲ್ಲಿ ನಿಂತಿದ್ದೆ.

ಅಂಗಡಿಯ ಯಜಮಾನರು ನಡುವಯಸ್ಸಿನವರು, ಗಡ್ಡಕ್ಕೆ ಮೆಹಂದಿ ಹಚ್ಚಿದ್ದವರು. ಚೂರಿ ಮಸೆಯುತ್ತಿದ್ದವರು ನನ್ನನ್ನು ಕಂಡು ನಿಲ್ಲಿಸಿದರು.

"ನೀ ಪೋಸ್ಟಾಫೀಸ್ ಗುಮಾಸ್ತರ ಮಗಳಲ್ಲೇನವ್ವಾ? ಇಲ್ಲಿ ಯಾಕ ನಿಂತಿ?"

ಅಪ್ಪ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ಅರ್ಧ ಹರಿಹರಕ್ಕೆ ಸ್ಟಾಂಪು ಮಾರಿದವರು. ಇವರು ನಾಳೆ ಕಾರ್ಡು ಕೊಳ್ಳಲು ಹೋಗಿ, ಮಾತಿಗೆ ಮಾತು ಬಂದು, ನಿಮ್ಮ ಮಗಳು ನಮ್ಮಂಗಡಿಗೆ ಬಂದಿದ್ದಳು ಎಂದರೆ ನನ್ನ ಕಾಲೇಜಿಗೆ ಅಂದೇ ಬೀಗ. ಪ್ರಯೋಗ, ಗ್ರಂಥಿ, ಡಿಎನ್‌ಎ ಎಂದು ವಿವರಿಸುವ ಧೈರ್ಯ ಬರಲಿಲ್ಲ.

"ಔಷಧಿಗೆ, ಚಾಚಾ" ಎಂದೆ.

ನಮ್ಮ ಕಡೆ ಆ ಒಂದು ಮಾತು ಸಾಕು. ಬಾಣಂತಿಗೋ, ಎದೆ ಕೆಟ್ಟವರಿಗೋ ಡಾಕ್ಟರು ಕಾಲಿನ ಸೂಪು ಕುಡಿಸಿ ಎಂದರೆ ನಮ್ಮಂಥವರ ಮನೆಯಲ್ಲೂ ಹಿತ್ತಲಲ್ಲಿ ಬೇರೆ ಒಲೆ ಹೂಡಿ, ಬೇರೆ ಪಾತ್ರೆಯಲ್ಲಿ ಕುದಿಸಿ ಕೊಡುತ್ತಿದ್ದರು. ಔಷಧಿಗೆ ಎಂದಮೇಲೆ ಯಾರೂ ಮುಂದಕ್ಕೆ ಕೇಳುವುದಿಲ್ಲ, ಯಾರೂ ಯಾರಿಗೂ ಹೇಳುವುದಿಲ್ಲ. ಚಾಚಾಗೂ ಆ ಪದ್ಧತಿ ಗೊತ್ತಿತ್ತು. "ಹಂಗಾದ್ರ ನಾ ಬಾಯಿ ಬಿಡಂಗಿಲ್ಲ, ಹೆದರಬ್ಯಾಡ" ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಕತ್ತಿನ ಗ್ರಂಥಿ ಎಂದು ಕೇಳಿದ್ದಕ್ಕೆ ಅವರು ದವಡೆಯ ಕೆಳಗಿನ ಉಂಡೆಯೊಂದನ್ನು ಕುಯ್ದು ಕೊಟ್ಟರು. ಬಸ್ಸಿನಲ್ಲಿ ಪಕ್ಕದ ಹೆಂಗಸು ಫ್ಲಾಸ್ಕ್ ನೋಡಿ, "ಆಸ್ಪತ್ರಿಗೇನವ್ವಾ? ಯಾರಿಗೆ ಹುಷಾರಿಲ್ಲ?" ಎಂದಳು. ಆ ಬಸ್ಸಿನಲ್ಲಿ ಫ್ಲಾಸ್ಕ್ ಹಿಡಿದವರೆಲ್ಲ ದಾವಣಗೆರೆಯ ಆಸ್ಪತ್ರೆಗೇ ಹೋಗುವವರು. ನಾನು ತಲೆಯಾಡಿಸಿದೆ. ಲ್ಯಾಬಿನಲ್ಲಿ ಸರ್ ಮುಚ್ಚಳ ತೆಗೆದು ನೋಡಿ, "ಇದು ಜೊಲ್ಲಿನ ಗ್ರಂಥಿ ಕಣಮ್ಮ" ಎಂದು ಮುಚ್ಚಿದರು.

ಮರುದಿನ ಚಾಚಾಗೆ ಸರಿಯಾಗಿ ತೋರಿಸಬೇಕಾಯಿತು. ತೂಗುಹಾಕಿದ್ದ ಮರಿಯನ್ನು ಮುಟ್ಟಲು ನನಗೆ ಆಗಲಿಲ್ಲ. ನನ್ನ ಗಂಟಲ ಮೇಲೇ ಬೆರಳಿಟ್ಟು, "ಇಲ್ಲಿಂದ ಇಲ್ಲೀಗಂಟ, ಚಾಚಾ. ಎರಡೂ ಕಡೆ, ಬೆಳ್ಳಗೆ ಮೆತ್ತಗೆ ಇರ್ತೈತೆ" ಎಂದೆ. ಅವರು ಮರಿಯನ್ನು ನೋಡಲಿಲ್ಲ. ನನ್ನ ಬೆರಳನ್ನೇ ನೋಡುತ್ತಿದ್ದರು.

"ಗಂಟಲಿನ ಔಷಧಿಗೇನವ್ವಾ?"

"ಹ್ಞೂಂ" ಎಂದೆ. ಬಸ್ಸಿಗೆ ಹೊತ್ತಾಗಿತ್ತು, ಗ್ರಂಥಿ ಸಿಕ್ಕರೆ ಸಾಕಾಗಿತ್ತು.

ಅಂದಿನಿಂದ ಅವರು ದುಡ್ಡು ಮುಟ್ಟಲಿಲ್ಲ. ಎಳೆಯ ಮರಿ ಕುಯ್ದ ದಿನ ಥೈಮಸ್ಸನ್ನು ಬೇರೆ ತೆಗೆದು, ಬಾಳೆ ಎಲೆಯಲ್ಲಿ ಸುತ್ತಿ ಇಟ್ಟಿರುತ್ತಿದ್ದರು. ಒಳ್ಳೆಯವರು ಎಂದುಕೊಂಡೆನೇ ಹೊರತು ಯಾಕಿಷ್ಟು ಒಳ್ಳೆಯವರಾದರು ಎಂದು ಯೋಚಿಸಲಿಲ್ಲ.

ಇತ್ತ ಲ್ಯಾಬಿನಲ್ಲಿ ಕೆಲಸ ಕೈಹತ್ತಲಿಲ್ಲ. ವಿಧಾನ ಹೇಳುವುದಕ್ಕೆ ಸುಲಭ. ಉಪ್ಪು ಮತ್ತು ಸಿಟ್ರೇಟಿನ ತಣ್ಣನೆಯ ದ್ರಾವಣದಲ್ಲಿ ಗ್ರಂಥಿಯನ್ನು ಚೂರು ಮಾಡಿ, ಪಿಂಗಾಣಿಯ ಒರಳಿನಲ್ಲಿ ಅರೆದು, ತೆಳು ಬಟ್ಟೆಯಲ್ಲಿ ಸೋಸಬೇಕು. ಡಿಎನ್‌ಎಯನ್ನು ತುಂಡರಿಸುವ ಕಿಣ್ವ ಮಾಂಸದ ಒಳಗೇ ಇರುತ್ತದೆ. ಪ್ರಾಣಿ ಸತ್ತ ಕ್ಷಣದಿಂದ ಅದು ಕೆಲಸ ಶುರುಮಾಡುತ್ತದೆ. ಸಿಟ್ರೇಟು ಮತ್ತು ಚಳಿ ಅದರ ಕೈ ಕಟ್ಟುತ್ತವೆ. ಸೋಸಿದ್ದನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಳಕ್ಕೆ ಕೂತದ್ದನ್ನು ಮತ್ತೆ ಮತ್ತೆ ತೊಳೆದು, ಸೋಪಿನ ಪುಡಿಯಂಥ ಎಸ್‌ಡಿಎಸ್ ಹಾಕಿದರೆ ನ್ಯೂಕ್ಲಿಯಸ್ಸುಗಳು ಒಡೆದು ದ್ರಾವಣ ಲೋಳೆಯಾಗುತ್ತದೆ. ಆಮೇಲೆ ಉಪ್ಪು ಹೆಚ್ಚಿಸಿ, ಕ್ಲೋರೋಫಾರಂ ಸೇರಿಸಿ ಕುಲುಕಿ, ಮತ್ತೆ ತಿರುಗಿಸಬೇಕು. ಪ್ರೋಟೀನು ನಡುವೆ ಬಿಳಿ ಪದರವಾಗಿ ನಿಲ್ಲುತ್ತದೆ, ಡಿಎನ್‌ಎ ಮೇಲಿನ ನೀರಿನಲ್ಲಿ ಉಳಿಯುತ್ತದೆ. ಆ ನೀರನ್ನು ಹೀರಿ ಬೇರೆ ಮಾಡಿ, ಅದರ ಮೇಲೆ ತಣ್ಣನೆಯ ಆಲ್ಕೋಹಾಲನ್ನು ಕಲಕದಂತೆ ಇಳಿಬಿಟ್ಟು, ಎರಡೂ ಸೇರುವ ಗಡಿಯಲ್ಲಿ ಗಾಜಿನ ಕಡ್ಡಿ ತಿರುಗಿಸಿದರೆ ಬಿಳಿಯ ಎಳೆ ಸುತ್ತಿಕೊಳ್ಳುತ್ತದೆ. ಪುಸ್ತಕದಲ್ಲಿ ಇಷ್ಟೇ.

ನಮಗೆ ಬಂದದ್ದು ಒಡೆದ ಹಾಲಿನಂಥ ಚೂರು. ಕಡ್ಡಿಗೆ ಏನೂ ಅಂಟುತ್ತಿರಲಿಲ್ಲ. ಸರ್ ಮೊದಲು ಬಸ್ಸಿನ ಮೇಲೆ ಗುಮಾನಿ ಪಟ್ಟರು: ಹರಿಹರದಿಂದ ದಾವಣಗೆರೆ ಸೇರುವುದರೊಳಗೆ ಮಾಂಸ ಬೆಚ್ಚಗಾಗುತ್ತಿದೆ. ಐಸ್ ಬೇಕು. ಕಾಲೇಜಿನ ಲ್ಯಾಬು ಸೇರುವವರೆಗೆ ಇದು ತಣ್ಣಗಿರಬೇಕು ಎಂದು ಚಾಚಾಗೆ ಹೇಳಿದೆ. ಅವರು ನದಿಯ ಕಡೆಯ ಮೀನಿನ ವ್ಯಾಪಾರಿಯಿಂದ ಐಸ್ ತರಿಸಿ, ಕುಟ್ಟಿ, ಫ್ಲಾಸ್ಕಿಗೆ ತಾವೇ ತುಂಬಿಕೊಟ್ಟರು. ಮರಿ ಕುಯ್ಯುವುದನ್ನೂ ನನ್ನ ಬಸ್ಸಿನ ಹೊತ್ತಿಗೆ ಸರಿಯಾಗಿ ಇಟ್ಟುಕೊಂಡರು. ಚೂರುಗಳು ಸ್ವಲ್ಪ ದೊಡ್ಡವಾದವು, ಆದರೂ ಚೂರುಗಳೇ.

ಆಮೇಲೆ ಕಣ್ಣಿಗೆ ಬಿದ್ದದ್ದು ಶಾಮನೂರಿನವನ ತೋಳು. ಅವನು ಕ್ಲೋರೋಫಾರಂ ಹಾಕಿದ ಸೀಸೆಯನ್ನು ಮನೆಯಲ್ಲಿ ಮಜ್ಜಿಗೆ ಕಡೆದ ಹಾಗೆ ಕುಲುಕುತ್ತಿದ್ದ. ಉದ್ದನೆಯ ಎಳೆ ಆ ಹೊಡೆತಕ್ಕೇ ತುಂಡಾಗುತ್ತಿತ್ತು. ಪಿಪೆಟ್ಟಿನ ಸಣ್ಣ ಮೂತಿಯೂ ಅದನ್ನು ಹರಿಯುತ್ತಿತ್ತು. ಸರ್ ಪಿಪೆಟ್ಟಿನ ಮೂತಿ ಕತ್ತರಿಸಿ, ಅಂಚನ್ನು ಬೆಂಕಿಗೆ ಹಿಡಿದು ನುಣ್ಣಗೆ ಮಾಡಿದರು. ಸೀಸೆಯನ್ನು ನನ್ನ ಕೈಗೆ ಕೊಟ್ಟು, ಮಗುವನ್ನು ಒಂದು ಮಗ್ಗುಲಿಂದ ಇನ್ನೊಂದಕ್ಕೆ ಹೊರಳಿಸಿದಂತೆ ಹೊರಳಿಸು ಎಂದರು. ನನ್ನ ಕೈ ಸ್ಥಿರವಾಗಿತ್ತು. ಅದೊಂದರ ಬಗ್ಗೆ ನನಗೆ ಜಂಬವೂ ಬಂತು.

ಇನ್ನೇನು ಎಳೆ ಬರಬೇಕು ಎನ್ನುವ ಆ ದಿನಗಳಲ್ಲೇ ಒಂದು ಬೆಳಿಗ್ಗೆ ಚಾಚಾ ಫ್ಲಾಸ್ಕ್ ಕೊಡುತ್ತ ಕೇಳಿದರು:

"ಔಷಧಿ ಎಲ್ಲೀಗಂಟ ಬಂತವ್ವಾ?"

"ಇನ್ನೂ ಆಗಿಲ್ಲ, ಚಾಚಾ."

"ಅವಸರ ಇಲ್ಲ ಬಿಡು. ಚಲೋತ್ನಾಗಿ ಆಗ್ಲಿ. ನಮ್ಮ ಮನ್ಯಾಕಿಗೆ ಕತ್ತಿನ್ಯಾಗ ಗಂಟೈತೆ. ಓಣಿ ಈ ತುದಿಗೆ ನಿಂತು ಕೂಗಿದ್ರ ಆ ತುದಿಗೆ ಕೇಳ್ತಿತ್ತು ಆಕಿ ದನಿ, ಈಗ ಗೊಗ್ಗರು ಬಿದ್ದೈತೆ. ಹರಕಿ ಹೊತ್ತು ಉಕ್ಕಡಗಾತ್ರಿ ಗದ್ದಿಗೀಗೂ ಹೋಗಿ ಬಂದ್ವಿ. ದಾವಣಗೆರಿ ಆಸ್ಪತ್ರ್ಯಾಗ ಆಪರೇಷನ್‌ಗೆ ದಿನ ಕೊಟ್ಟಿದ್ರು, ನಾವು ಹೋಗ್ಲಿಲ್ಲ. ನೀ ಅಂದೆಲ್ಲ ಗಂಟಲಿನ ಔಷಧಿ ಅಂತ. ಮರಿ ಕತ್ತಿಂದ ತೆಗದು ಮನುಷ್ಯಾರ ಕತ್ತಿಗೆ ಮಾಡ್ತಾರ, ಅದು ಆಗ್ಲಿ, ಯಾಕ ಕುಯ್ಸೋದು ಅಂತ ಬಿಟ್ವಿ."

ಬಸ್ಸು ಹಾರ್ನ್ ಮಾಡಿತು. "ಓಡವ್ವಾ, ಐಸ್ ಕರಗ್ತೈತೆ" ಎಂದರು ಚಾಚಾ. ನಾನು ಓಡಿದೆ.

ಆ ದಿನವೇ, ಅಲ್ಲೇ, ಹೇಳಬೇಕಿತ್ತು. ಬಸ್ಸು ತಪ್ಪಿದರೆ ಇನ್ನೊಂದು ಬರುತ್ತಿತ್ತು. ದಾವಣಗೆರೆ ಬರುವವರೆಗೂ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಏನು ಹೇಳಲಿ, ಹೇಗೆ ಹೇಳಲಿ ಎಂದೇ ಲೆಕ್ಕ ಹಾಕಿದೆ. ನಾಳೆ ಹೇಳೋಣ ಎಂದುಕೊಂಡೆ. ನಾಳೆ ಬಂದಾಗ ಅವರು ಗಿರಾಕಿಗಳ ನಡುವೆ ಇದ್ದರು. ಅದರ ನಾಳೆ ನಾನು ಬಾಯಿ ತೆರೆದೆ, ಅವರು ನನ್ನ ಕೈಗೆ ಆ ವಾರದಲ್ಲೇ ಚೆನ್ನಾದ ಗ್ರಂಥಿ ಇಟ್ಟರು, ನಾನು ಬಾಯಿ ಮುಚ್ಚಿದೆ. ಹೇಳಿದರೆ ಮಾಂಸ ನಿಲ್ಲುತ್ತದೆ, ಮಾಂಸ ನಿಂತರೆ ಸರ್ ಮುಖ ನೋಡುವುದು ಹೇಗೆ? ನನ್ನ ಮನಸ್ಸು ಇಷ್ಟು ಚೆನ್ನಾಗಿ ಲೆಕ್ಕ ಹಾಕುತ್ತದೆಂದು ಗೊತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತರೆ ಅನ್ನ ಕಲಸುತ್ತಲೇ ಇರುತ್ತಿದ್ದೆ. ಅವ್ವ ಪರೀಕ್ಷೆಯ ಚಿಂತೆ ಎಂದುಕೊಂಡು ಮೊಸರು ಜಾಸ್ತಿ ಬಡಿಸುತ್ತಿದ್ದಳು. ಹೀಗೇ ವಾರ ಕಳೆದು ಇನ್ನೊಂದು ವಾರ ಹಿಡಿಯಿತು.

ಎಳೆ ಬಂದದ್ದು ಒಂದು ಗುರುವಾರ ಮಧ್ಯಾಹ್ನ. ಉಪ್ಪು ಬೆರೆಸಿದ ಐಸಿನಲ್ಲಿ ಆಲ್ಕೋಹಾಲನ್ನು ಚೆನ್ನಾಗಿ ತಣಿಸಿ, ಬೀಕರಿನ ಒಳಗೋಡೆಗೆ ತಾಗಿಸಿ ಹನಿಹನಿಯಾಗಿ ಇಳಿಸಿದೆ. ಎರಡು ದ್ರವಗಳ ನಡುವೆ ಗೆರೆ ಎಳೆದಂತೆ ಕಾಣಿಸಿತು. ಆ ಗೆರೆಯಲ್ಲಿ ಮೊದಲು ಹೊಗೆಯಂಥದ್ದೇನೋ ಮೂಡಿ, ಕಡ್ಡಿ ತಿರುಗಿಸಿದಂತೆ ನೂಲಾಯಿತು. ಬೆಳ್ಳನೆಯ, ಒದ್ದೆ ರೇಷ್ಮೆಯಂಥ ನೂಲು, ಕಡ್ಡಿಗೆ ಸುತ್ತಿಕೊಳ್ಳುತ್ತಲೇ ಹೋಯಿತು. ಶಾಮನೂರಿನವನು ಬಾಯಿ ತೆರೆದುಕೊಂಡು ನಿಂತ. ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಸ್ವಲ್ಪ ಎಳೆಯನ್ನು ಕರಗಿಸಿ, ಡೈಫಿನೈಲಮೀನ್ ಹಾಕಿ ಕುದಿಯುವ ನೀರಿನಲ್ಲಿಟ್ಟರೆ ಟ್ಯೂಬು ನೀಲಿಗೆ ತಿರುಗಿತು. ಡಿಎನ್‌ಎಯೇ, ಅನುಮಾನವಿಲ್ಲ.

ನನಗೆ ಹಿಗ್ಗಿನಲ್ಲಿ ಬುದ್ಧಿ ನೆಟ್ಟಗಿರಲಿಲ್ಲ. ಮರುದಿನ ಬೆಳಿಗ್ಗೆ ಬಸ್ಸಿಗೆ ಹೋಗುವಾಗ ಅಂಗಡಿಯ ಮುಂದೆ ನಿಂತು, "ಚಾಚಾ, ಬಂತು!" ಎಂದುಬಿಟ್ಟೆ. ಅವರು ಚೂರಿ ಕೆಳಗಿಟ್ಟು ಎರಡೂ ಕೈ ಮೇಲೆತ್ತಿ ಏನೋ ಪ್ರಾರ್ಥಿಸಿದರು. ಆಗ ನೆನಪಾಯಿತು ನಾನು ಯಾರಿಗೆ ಏನು ಹೇಳಿದೆನೆಂದು. ತಿದ್ದುವುದರೊಳಗೆ ಅವರು ಮನೆಯ ಕಡೆ ಹೊರಟಾಗಿತ್ತು.

ಅದೇ ಮಧ್ಯಾಹ್ನ, ನಮಾಜು ಮುಗಿಸಿ, ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಹಾಕಿಕೊಂಡು ಚಾಚಾ ನಮ್ಮ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದರು. ಹಿಂದೆ ಬುರ್ಖಾದಲ್ಲಿ ಚಾಚಿ. ಚಪ್ಪಲಿಗಳನ್ನು ವರಾಂಡದಲ್ಲೇ ಬಿಟ್ಟಿದ್ದರು. ಸರ್‌ಗೆ ಇವರು ಮಾಂಸ ಕೊಡುವವರು ಎಂದಷ್ಟೇ ಗೊತ್ತು, ಸಂಭ್ರಮದಿಂದ ಕರೆದರು.

"ಬನ್ನಿ, ಬನ್ನಿ. ನೀವು ಕೊಟ್ಟದ್ದರಿಂದಲೇ ಇದು ಆಗಿದ್ದು. ನೋಡಿ." ಆಲ್ಕೋಹಾಲಿನಲ್ಲಿ ಇಟ್ಟಿದ್ದ ಎಳೆಯ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದರು.

ಚಾಚಾ ಬಗ್ಗಿ ನೋಡಿದರು. ಚಾಚಿಯನ್ನು ಹತ್ತಿರ ಕರೆದು ತೋರಿಸಿದರು. ಆಕೆ ಮುಖದ ಪರದೆ ಎತ್ತಿದಾಗ ನಾನು ಆ ಕತ್ತನ್ನು ನೋಡಿದೆ. ಗಂಟು ಒಂದು ಬದಿಗೆ ನಿಂಬೆಹಣ್ಣಿಗಿಂತ ದಪ್ಪವಾಗಿ ಎದ್ದಿತ್ತು.

"ಇದನ್ನ ಕುಡಿಸ್ಬೇಕೋ, ಮ್ಯಾಲೆ ಹಚ್ಚಬೇಕೋ, ಸರ್?" ಎಂದರು ಚಾಚಾ.

ಸರ್‌ಗೆ ಅರ್ಥವಾಗಲಿಲ್ಲ. ನಕ್ಕು ನನ್ನ ಕಡೆ ನೋಡಿದರು. ನನ್ನ ಕೈಯಲ್ಲಿದ್ದ ಪಿಪೆಟ್ಟನ್ನು ಮೇಜಿನ ಮೇಲಿಟ್ಟೆ. ಸರ್ ಏನಾದರೂ ಹೇಳಿ ಇದನ್ನು ಸರಿಮಾಡಲಿ ಎಂದು ಒಂದು ಗಳಿಗೆ ಆಸೆಪಟ್ಟೆ, ಅದನ್ನೂ ಮುಚ್ಚಿಡುವುದಿಲ್ಲ.

"ಚಾಚಾ, ಇದು ಔಷಧಿ ಅಲ್ಲ" ಎಂದೆ. "ನಾ ಸುಳ್ಳು ಹೇಳಿದ್ದೆ. ನೀವು ಅಪ್ಪಗ ಹೇಳ್ತೀರಿ ಅಂತ ಹೆದರಿ ಔಷಧಿಗೆ ಅಂದೆ. ಇದು ನಾವು ಕಲಿಯಾಕ ಮಾಡಿದ್ದು. ಇದರಿಂದ ಯಾವ ಕಾಯ್ಲೆನೂ ವಾಸಿ ಆಗಂಗಿಲ್ಲ. ಆಪರೇಷನ್ ಬಿಟ್ಟೀರಿ ಅಂತ ನಂಗ ಗೊತ್ತಾಗಿ ವಾರದ ಮ್ಯಾಲಾತು. ಆವಾಗೂ ಹೇಳ್ಲಿಲ್ಲ."

ಚಾಚಾ ಹೆಗಲ ಮೇಲಿನ ವಸ್ತ್ರ ತೆಗೆದು ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮಾತಾಡಿದ್ದು ಚಾಚಿ, ಒಡಕು ದನಿಯಲ್ಲಿ.

"ಔಷಧಿ ಅಲ್ಲ ಅಂದ್ರ ಮತ್ತ ಏನಿದು?"

ಸರ್ ಪಾಪ, ತೊದಲುತ್ತ ವಿವರಿಸಲು ನೋಡಿದರು. ಪ್ರತಿ ಜೀವದ ಒಳಗೂ ಇಂಥ ಎಳೆ ಇರುತ್ತದೆ, ತಂದೆತಾಯಿಯಿಂದ ಮಕ್ಕಳಿಗೆ ಬರುತ್ತದೆ, ಮೈ ಕಟ್ಟುವುದೆಲ್ಲ ಅದರ ಹೇಳಿಕೆಯಂತೆ ಎಂದರು.

"ನನ್ನೊಳಗೂ ಐತೇನ್ರಿ?"

"ಇದೆಯಮ್ಮ."

"ಈ ಗಂಟಿನ್ಯಾಗೂ?"

ಸರ್ ತಲೆ ತಗ್ಗಿಸಿ, "ಅದರಲ್ಲೂ ಇದೆ" ಎಂದರು.

ಚಾಚಿ ಟ್ಯೂಬನ್ನು ಇನ್ನೊಮ್ಮೆ ನೋಡಿ ಪರದೆ ಇಳಿಸಿಕೊಂಡರು. ಇಬ್ಬರೂ ಹೊರಟರು. ನಾನು ವರಾಂಡಕ್ಕೆ ಓಡಿಹೋಗಿ ಅಡ್ಡ ನಿಂತೆ. ಆಸ್ಪತ್ರೆಗೆ ನಾನೇ ಬರುತ್ತೇನೆ, ಇನ್ನೊಂದು ದಿನ ಕೇಳಿ ಕೊಡಿಸುತ್ತೇನೆ ಎಂದೆ. ಅತ್ತುಬಿಟ್ಟಿದ್ದೆ.

"ಅಳಬ್ಯಾಡ" ಎಂದರು ಚಾಚಿ. "ನಂಗೂ ಆಪರೇಷನ್ ಬ್ಯಾಡಾಗಿತ್ತು. ದಿನಾ ಬೆಳಗಾದ್ರ ಅಂಗಡ್ಯಾಗ ಕತ್ತು ಕುಯ್ಯೋದು ನೋಡ್ತೀನಿ, ನಂಗ ಹೆಂಗಾಗಬ್ಯಾಡ? ನೀ ಔಷಧಿ ಅಂದಿ, ನಂಗ ಅದೇ ಬೇಕಾಗಿತ್ತು. ಈಗ ನೀ ನನ್ ಜೋಡಿ ಬಾ. ಇವ್ರ ಕೈಲಿ ಆಗಂಗಿಲ್ಲ. ಮರಿ ಕುಯ್ಯೋ ಕೈ, ನನ್ ಗಂಟು ಮುಟ್ಟಾಕ ನಡುಗ್ತೈತೆ."

ಚಾಚಾ ಗೋಡೆಯ ಕಡೆ ತಿರುಗಿ ನಿಂತಿದ್ದರು.

ಮರುದಿನ ಮೂವರೂ ಆಸ್ಪತ್ರೆಗೆ ಹೋದೆವು. ಕೊಟ್ಟ ದಿನ ತಪ್ಪಿಸಿದವರಿಗೆ ಹಾಸಿಗೆ ಸುಲಭಕ್ಕೆ ಸಿಗುವುದಿಲ್ಲ. ಹೊರರೋಗಿಗಳ ಸಾಲಿನಲ್ಲಿ ನಿಂತು, ಚೀಟಿ ಕೊಡುವವರಿಂದ ಬೈಸಿಕೊಂಡು, ಸರ್ಜನ್ ಕೋಣೆಯ ಹೊರಗೆ ಕಾದು, ತಪ್ಪು ನನ್ನದೆಂದು ಹೇಳಿ ದಿನ ಪಡೆದೆ. ವಿಶ್ವವಿದ್ಯಾಲಯದವರು ಬರುವುದೂ ಅಂದೇ.

ಸರ್ ಮನೆ ಕೆ.ಬಿ. ಬಡಾವಣೆಯಲ್ಲಿತ್ತು. ಅಲ್ಲಿಗೇ ಹೋಗಿ ಹೇಳಿದೆ.

"ಆಲ್ಕೋಹಾಲ್ ಇಳಿಸೋ ಕೈ ನಿನ್ನದೊಂದೇ. ಅವನು ಸುರಿದರೆ ಕಲಕಿಬಿಡ್ತಾನೆ. ಬೆಳಿಗ್ಗೆ ಇದನ್ನ ಮುಗಿಸಿ ಹೋಗೋಕಾಗಲ್ವಾ?"

"ಅವರನ್ನ ಒಳಗೆ ಕರಕೊಂಡು ಹೋಗೋದೇ ಬೆಳಿಗ್ಗೆ ಸರ್. ಅಲ್ಲಿವರೆಗೂ ಕೈ ಹಿಡ್ಕೊಂಡಿರ್ತೀನಿ ಅಂತ ಮಾತು ಕೊಟ್ಟಿದೀನಿ."

"ಇಷ್ಟು ದಿನದ ಕೆಲಸ" ಎಂದರು. ಅಷ್ಟೇ ಅಂದರು. ಹೋಗು ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ. ನಾನು ಆಸ್ಪತ್ರೆಗೆ ಹೋದೆ.

ಚಾಚಿಗೆ ಹಸಿರು ಅಂಗಿ ತೊಡಿಸಿ ಸ್ಟ್ರೆಚರಿನ ಮೇಲೆ ಮಲಗಿಸಿದ್ದರು. ನನ್ನ ಕೈಯನ್ನು ಎಷ್ಟು ಬಿಗಿ ಹಿಡಿದಿದ್ದರೆಂದರೆ ಬಳೆ ಒಡೆದು ಚುಚ್ಚಿತು. ಬಾಗಿಲ ಹತ್ತಿರ ನರ್ಸ್ ನನ್ನನ್ನು ತಡೆದರು. ಕೈ ಬಿಡಿಸುವ ಮುಂಚೆ ಚಾಚಿ, "ನೋವಾಗ್ತೈತೇನು?" ಎಂದು ಕೇಳಿದರು. "ನಂಗ ಗೊತ್ತಿಲ್ಲ, ಚಾಚಿ. ಗೊತ್ತಾಗದಂಗ ಮಲಗಿಸ್ತಾರ ಅಂತ ಡಾಕ್ಟರು ಹೇಳ್ಯಾರ" ಎಂದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ಎಷ್ಟು ಸಲೀಸು ಎಂದು ಆಗ ಅನ್ನಿಸಿತು.

ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಚಾಚಾ ಕೂತಿದ್ದರು. ನಾನು ಸ್ವಲ್ಪ ದೂರದಲ್ಲಿ ಕೂತೆ. ಫ್ರೀಜರಿನಲ್ಲಿ ಉಳಿಸಿಟ್ಟಿದ್ದ ಗ್ರಂಥಿಯನ್ನು ಈ ಹೊತ್ತಿಗೆ ಅರೆದಿರುತ್ತಾರೆ, ಈಗ ತೊಳೆಯುತ್ತಿರುತ್ತಾರೆ, ಈಗ ಕ್ಲೋರೋಫಾರಂ ಎಂದು ಮನಸ್ಸು ಲ್ಯಾಬಿಗೆ ಓಡುತ್ತಲೇ ಇತ್ತು. ಆ ಕಟ್ಟೆಯ ಮೇಲೆ ಕೂತೂ ಹಾಗೆ ಓಡುವ ಮನಸ್ಸಿನ ಮೇಲೆ ನನಗೇ ಹೇಸಿಗೆಯಾಯಿತು.

ಗಂಟು ತೆಗೆದರು. ಕೆಟ್ಟ ಗಂಟಲ್ಲ ಎಂದು ಆಮೇಲೆ ವರದಿ ಬಂತು. ಚಾಚಿಯ ಜೀವಕ್ಕೆ ಅಪಾಯವಿರಲಿಲ್ಲ. ಆದರೆ ದನಿಯ ನರ ಅದರಡಿ ಸಿಕ್ಕಿ ಅಪ್ಪಚ್ಚಿಯಾಗಿತ್ತು. ಮೊದಲು ಕೊಟ್ಟ ದಿನಕ್ಕೇ ಬಂದಿದ್ದರೆ ನರ ಉಳಿಯುತ್ತಿತ್ತೇ ಎಂದು ಸರ್ಜನ್‌ರನ್ನು ಕೇಳಿದೆ. "ಉಳೀತಿತ್ತು ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ" ಎಂದರು. ಹೌದು ಎಂದಿದ್ದರೆ ಹೊತ್ತುಕೊಳ್ಳುತ್ತಿದ್ದೆ, ಇಲ್ಲ ಎಂದಿದ್ದರೆ ಇಳಿಸುತ್ತಿದ್ದೆ. ಇದನ್ನು ಏನು ಮಾಡಲಿ ಎಂದು ಇಂದಿಗೂ ತಿಳಿದಿಲ್ಲ.

ಅತ್ತ ಕಾಲೇಜಿನಲ್ಲಿ ಶಾಮನೂರಿನವನು ಉಸಿರು ಬಿಗಿಹಿಡಿದು ಆಲ್ಕೋಹಾಲ್ ಇಳಿಸಿದನಂತೆ. ಅರ್ಧ ಕಲಕಿ, ಅರ್ಧ ಎಳೆ ಬಂತಂತೆ. ಬಂದವರು ಅದನ್ನೇ ನೋಡಿ ತಲೆದೂಗಿ, ಅನುಮತಿಗೆ ಶಿಫಾರಸು ಮಾಡುತ್ತೇವೆ ಎಂದು ಹೋದರು. ಸರ್ ಪರೀಕ್ಷೆಯವರೆಗೂ ನನ್ನೊಡನೆ ಪಾಠದ ಮಾತು ಬಿಟ್ಟು ಬೇರೆ ಆಡಲಿಲ್ಲ. ಅಪ್ಪನಿಗೆ ನಾನೇ ಹೇಳಿದೆ. ಅವರು ಬೈಯುವುದನ್ನೆಲ್ಲ ಬೈದು, ಕೊನೆಗೆ ಆ ಹೆಂಗಸು ಈಗ ಹೇಗಿದ್ದಾಳೆ ಎಂದು ಕೇಳಿದರು.

ಅನುಮತಿ ಬಂದಮೇಲೆ ಕಿರಿಯ ವಿದ್ಯಾರ್ಥಿಗಳಿಗಾಗಿ ಗ್ರಂಥಿ ಬೇಕಾಯಿತು. ನಾನಾಗ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದೆ. ಸರ್ ಹೇಳಿಕಳಿಸಿದರು: ಆ ಅಂಗಡಿ ಗೊತ್ತಿರುವುದು ನಿನಗೇ, ಕೇಳಿ ನೋಡು. ಆಸ್ಪತ್ರೆಯಿಂದ ಬಿಟ್ಟಮೇಲೆ ನಾನು ಆ ಓಣಿಯ ಕಡೆ ಹೋಗಿರಲಿಲ್ಲ. ಮೂರು ಸಲ ಓಣಿಯ ಬಾಯಿಗೆ ಹೋಗಿ ವಾಪಸ್ಸು ಬಂದು, ನಾಲ್ಕನೆಯ ಸಲ ಒಳಗೆ ಹೋದೆ.

ಚಾಚಾ ಅಂಗಡಿಯಲ್ಲಿದ್ದರು. ನನ್ನನ್ನು ನೋಡಿ, "ಬಾರವ್ವಾ" ಎಂದರು. ಏನು ಬೇಕೆಂದು ಹೇಳಿದೆ.

"ಈ ಸಲ ಏನಕ್ಕೆ?"

"ಕಲಿಯಾಕಷ್ಟೇ, ಚಾಚಾ. ಹುಡುಗ್ರು ಕಲಿಯಾಕ. ಬ್ಯಾರೆ ಯಾರಿಗೂ ಏನೂ ಉಪಯೋಗ ಇಲ್ಲ."

ಅವರು ಮರದ ಕೊರಡನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಒರೆಸಿ ಮುಗಿಸಿ ನನ್ನ ಕಡೆ ನೋಡಿದರು.

"ಒಯ್ಯಿ. ಕಲೀಲಿ" ಎಂದರು. "ಆವತ್ತು ಹಿಂಗಂದಿದ್ರೂ ಕೊಡ್ತಿದ್ನಲ್ಲವ್ವಾ."

ಅಂಗಡಿಯ ಹಿಂದಿನ ಮನೆಯ ಬಾಗಿಲಲ್ಲಿ ಚಾಚಿ ಕಾಣಿಸಿಕೊಂಡು, ಬಾಯಿ ಆಡಿಸಿ ಏನೋ ಹೇಳಿದರು. ಕೇಳಿಸಲಿಲ್ಲ. ಹತ್ತಿರ ಹೋದೆ, ಆಗಲೂ ಕೇಳಿಸಲಿಲ್ಲ. ಅವರ ಬಾಯಿಯ ಹತ್ತಿರಕ್ಕೆ ಕಿವಿ ತಂದು ಬಗ್ಗಿ ನಿಂತೆ.

ಟೀ ಕುಡಿದು ಹೋಗು ಎನ್ನುತ್ತಿದ್ದರು.